ಕಸಿನ್‌ಗಳೆಲ್ಲ ಒಂದು ದಿನ ಸೇರಬೇಕಾ? ಪಟ್ಟಿಯಿಂದ ಶುರು ಮಾಡಿ

ನಮ್ಮ ಅಜ್ಜನ ಮನೆ ಈಗ ಇಲ್ಲ. ಸಾಗರ ತಾಲೂಕಿನ ಶರಾವತಿ ಕಣಿವೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಮನೆ, ತೋಟ, ಕೊಟ್ಟಿಗೆ ಎಲ್ಲ ಹಿನ್ನೀರಿನ ಅಡಿಗೆ ಹೋಯಿತು. ಅಜ್ಜ ಅಜ್ಜಿಗೆ ಐದು ಮಕ್ಕಳು. ದೊಡ್ಡಪ್ಪ ಸಾಗರದ ಹತ್ತಿರವೇ ಹೊಸದಾಗಿ ತೋಟ ಎಬ್ಬಿಸಿದರು. ಅಪ್ಪ ಕೆಲಸ ಹಿಡಿದು ಶಿವಮೊಗ್ಗಕ್ಕೆ ಬಂದರು. ಮೂವರು ಅತ್ತೆಯರು ಮದುವೆಯಾಗಿ ಸಿರಸಿ, ಹೊಸನಗರ, ತೀರ್ಥಹಳ್ಳಿ ಕಡೆ ಹೋದರು. ಅವರೆಲ್ಲರ ಮಕ್ಕಳು ಅಂದರೆ ನಾವು ಹತ್ತೊಂಬತ್ತು ಜನ. ಈಗ ಬೆಂಗಳೂರು, ಹುಬ್ಬಳ್ಳಿ, ಪುಣೆ, ನ್ಯೂಜೆರ್ಸಿ ಅಂತ ಹರಡಿಕೊಂಡಿದ್ದೇವೆ.

ಮೂಲಮನೆ ಇರುವ ಕುಟುಂಬದವರು ಹಬ್ಬಕ್ಕೋ ತಿಥಿಗೋ ಅಲ್ಲಿ ಸೇರುತ್ತಾರೆ. ಮುಳುಗಡೆಯವರಿಗೆ ಹಾಗೆ ತಾನಾಗಿ ಸೇರುವ ಜಾಗವೇ ಇಲ್ಲ. ಯಾರಾದರೂ ಮನಸ್ಸು ಮಾಡಿ ದಿನ ಗೊತ್ತು ಮಾಡಬೇಕು. ನಾವು 2019ರಲ್ಲಿ ಒಮ್ಮೆ ಸೇರಿದೆವು. ಮತ್ತೆ 2024ರ ಮೇ 25ಕ್ಕೆ ಸೇರಿದೆವು. ಮೊದಲ ಸಲ ಬಹಳ ತಪ್ಪು ಮಾಡಿದ್ದೆವು. ಎರಡನೇ ಸಲ ಅದನ್ನೆಲ್ಲ ನೆನಪಿಟ್ಟುಕೊಂಡು ಮಾಡಿದೆವು. ಈಗ ಇಂಥದ್ದೊಂದು ದಿನ ಮಾಡಬೇಕು ಅಂದುಕೊಂಡಿರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸೇರುವುದು ಮಾತಾಡುವುದಕ್ಕೆ. ಬ್ಯಾನರು, ಟೀ ಶರ್ಟು, ಡ್ರೋನ್ ಕ್ಯಾಮೆರಾ ಯಾವುದೂ ಇಲ್ಲದಿದ್ದರೂ ನಡೆಯುತ್ತದೆ. ಆದರೆ ಬಂದವರಲ್ಲಿ ಒಬ್ಬರು ಇಡೀ ದಿನ ಒಲೆ ಮುಂದೆ ನಿಂತು ಯಾರ ಜೊತೆಗೂ ಕೂತು ಮಾತಾಡಲಿಲ್ಲ ಅಂದರೆ, ಅವರ ಪಾಲಿಗೆ ನೀವು ಸೇರಲೇ ಇಲ್ಲ. ಕೆಳಗೆ ಬರುವ ಎಲ್ಲ ಏರ್ಪಾಡನ್ನೂ ಈ ಒಂದು ಅಳತೆಯಿಂದ ನೋಡಿ.

ಮೊದಲ ಹೆಜ್ಜೆ: ಪಟ್ಟಿ

ವಾಟ್ಸಾಪ್ ಗ್ರೂಪ್ ಮಾಡುವ ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ಅಜ್ಜ ಅಜ್ಜಿಯ ಹೆಸರು ಮೇಲೆ ಬರೆಯಿರಿ. ಅವರ ಒಬ್ಬೊಬ್ಬ ಮಗ, ಮಗಳಿಗೂ ಎರಡೆರಡು ಪುಟ ಬಿಡಿ. ಒಂದು ಪುಟ ಸಾಕಾಗುವುದಿಲ್ಲ, ಖಂಡಿತ.

ಇಲ್ಲಿ ನಮ್ಮ ಭಾಷೆಯದೇ ಒಂದು ವಿಷಯ ಗಮನಿಸಬೇಕು. 'ಕಸಿನ್' ಅನ್ನುವುದಕ್ಕೆ ಕನ್ನಡದಲ್ಲಿ ಒಂದೇ ಪದ ಇಲ್ಲ. ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು, ದೊಡ್ಡಮ್ಮ ಚಿಕ್ಕಮ್ಮಂದಿರ ಮಕ್ಕಳು ಅಣ್ಣ, ತಮ್ಮ, ಅಕ್ಕ, ತಂಗಿ ಆಗುತ್ತಾರೆ. ಸೋದರತ್ತೆ, ಸೋದರಮಾವನ ಮಕ್ಕಳು ಬಾವ, ಮೈದುನ, ಅತ್ತಿಗೆ, ನಾದಿನಿ ಆಗುತ್ತಾರೆ. ಮೊದಲಿನವರು ನಮ್ಮ ಮನೆಯವರು, ಎರಡನೆಯವರು ನೆಂಟರು ಅನ್ನುವ ಲೆಕ್ಕ ನಮಗೆ ಗೊತ್ತಿಲ್ಲದೆಯೇ ತಲೆಯಲ್ಲಿ ಕೂತಿರುತ್ತದೆ. ಹಾಗಾಗಿ ಪಟ್ಟಿ ಬರೆಯಲು ಕೂತರೆ ಗಂಡುಮಕ್ಕಳ ಕಡೆಯವರು ಪಟಪಟ ಅಂತ ಬರುತ್ತಾರೆ. ಹೆಣ್ಣುಮಕ್ಕಳ ಕಡೆಯವರು ಬಿಟ್ಟುಹೋಗುತ್ತಾರೆ.

ನಮ್ಮಲ್ಲಿ ಹಾಗೇ ಆಯಿತು. ನಮ್ಮ ಒಬ್ಬ ಅತ್ತೆ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಅವರಿಗೆ ಒಬ್ಬಳೇ ಮಗಳು. ಸಂಬಂಧದ ಲೆಕ್ಕದಲ್ಲಿ ನನಗೆ ಅತ್ತಿಗೆ, ಬಾಯಲ್ಲಿ ಕರೆಯುವುದು ಅಕ್ಕ ಅಂತಲೇ. 2019ರಲ್ಲಿ ಅವಳನ್ನು ಕರೆಯಲು ನಮ್ಮಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ನನಗೂ ಆಗಲಿಲ್ಲ. ಅವಳಿಗೆ ವಿಷಯ ಗೊತ್ತಾಗಿದ್ದು ಯಾರದೋ ಸ್ಟೇಟಸ್‌ನಲ್ಲಿ ಫೋಟೋ ನೋಡಿ. ಅವಳು ಜಗಳ ಮಾಡಲಿಲ್ಲ. 'ಎಲ್ಲರೂ ಚೆನ್ನಾಗಿ ಕಾಣ್ತಿದ್ದೀರಿ' ಅಂತ ಒಂದು ಮೆಸೇಜ್ ಹಾಕಿದಳು. ಅದನ್ನು ಓದಿ ನಾನು ಎರಡು ದಿನ ಸರಿಯಾಗಿ ನಿದ್ದೆ ಮಾಡಲಿಲ್ಲ.

ಅದಕ್ಕೇ ಹೇಳುವುದು. ಪಟ್ಟಿಯನ್ನು ಹೆಣ್ಣುಮಕ್ಕಳಿಂದ ಶುರು ಮಾಡಿ. ಅದರಲ್ಲೂ ತೀರಿಹೋದವರ ಮಕ್ಕಳಿಂದ ಶುರು ಮಾಡಿ. ಅಪ್ಪ ಅಮ್ಮ ಇದ್ದವರ ಸುದ್ದಿ ಹೇಗಾದರೂ ಬರುತ್ತಿರುತ್ತದೆ. ಅವರು ಹೋದ ಮೇಲೆ ಆ ಕೊಂಡಿಯೇ ಕಳಚಿರುತ್ತದೆ. ಎರಡನೇ ಮದುವೆಯಾದವರು, ಬೇರೆ ಜಾತಿಯಲ್ಲಿ ಮದುವೆಯಾಗಿ ದೂರ ಉಳಿದವರು, ಡಿವೋರ್ಸ್ ಆದಮೇಲೆ ಯಾವ ಕಾರ್ಯಕ್ಕೂ ಬಾರದವರು, ಇವರ ಹೆಸರನ್ನೂ ಮರೆಯದೆ ಬರೆಯಿರಿ. ಬರುವುದು ಬಿಡುವುದು ಅವರಿಗೆ ಸೇರಿದ್ದು. ಕರೆಯುವುದು ನಮ್ಮ ಕೆಲಸ.

ಇನ್ನೊಂದು ಎಚ್ಚರಿಕೆ. ಹಿರಿಯರಿಗೆ ಫೋನ್ ಮಾಡಿ 'ನಮ್ಮ ವಂಶವೃಕ್ಷ ಬೇಕಿತ್ತು' ಅನ್ನಬೇಡಿ. ಹಳ್ಳಿಯಲ್ಲಿ ವಂಶವೃಕ್ಷ ಅಂದರೆ ನಾಡಕಚೇರಿಯಲ್ಲಿ ಮಾಡಿಸುವ ಕಾಗದ. ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ, ಆಸ್ತಿ ಭಾಗಕ್ಕೆ ಬೇಕಾಗುವಂಥದ್ದು. ನಾನು ಹಾಗೆ ಕೇಳಿದಾಗ ಫೋನಿನ ಆ ಕಡೆ ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ 'ಯಾಕೆ, ಏನು ವಿಷಯ?' ಅಂದರು. 'ಎಲ್ಲರೂ ಒಂದು ದಿನ ಸೇರೋಣ ಅಂತ, ಯಾರನ್ನೂ ಬಿಡಬಾರದಲ್ವಾ, ಅದಕ್ಕೆ ಹೆಸರು ಬರೆದುಕೊಳ್ತಿದ್ದೀನಿ' ಅಂತ ಮೊದಲೇ ಹೇಳಿದ್ದರೆ ಆಗುತ್ತಿತ್ತು.

ಪ್ರತಿ ಹೆಸರಿನ ಮುಂದೆ ಫೋನ್ ನಂಬರು, ಊರು, ಮಕ್ಕಳ ಹೆಸರು ಮತ್ತು ವಯಸ್ಸು, ಶುಗರ್, ಮಂಡಿ ನೋವು, ಮೆಟ್ಟಿಲು ಹತ್ತಲಾಗದು ಅನ್ನುವಂಥ ವಿಷಯ ಬರೆದಿಡಿ. ಮುಂದೆ ಪ್ರತಿ ಹೆಜ್ಜೆಯಲ್ಲೂ ಈ ಪುಟಗಳನ್ನೇ ತಿರುಗಿಸುತ್ತೀರಿ.

ದಿನ ಗೊತ್ತು ಮಾಡುವುದು

ಎಲ್ಲರಿಗೂ ಅನುಕೂಲವಾಗುವ ದಿನ ಅಂತ ಒಂದು ಇರುವುದಿಲ್ಲ. 'ಎಲ್ಲರೂ ಹೇಳಿ, ಯಾವಾಗ ಇಟ್ಟುಕೊಳ್ಳೋಣ?' ಅಂತ ಗ್ರೂಪಿನಲ್ಲಿ ಕೇಳಿದರೆ ಮೂರು ತಿಂಗಳು ಅದೇ ಚರ್ಚೆ. ಇಬ್ಬರು ಮೂವರು ಕೂತು ಎರಡು ದಿನಾಂಕ ಆರಿಸಿ, ಅವೆರಡನ್ನೇ ಪೋಲ್‌ಗೆ ಹಾಕಿ. ಒಂದು ವಾರ ಕಾಯಿರಿ. ಜಾಸ್ತಿ ಜನ ಒಪ್ಪಿದ್ದು ಯಾವುದೋ ಅದೇ ದಿನ. ಆಮೇಲೆ ಬದಲಾಯಿಸಬೇಡಿ.

ದಿನಾಂಕ ಆರಿಸುವಾಗ ಕೆಲವು ವಿಷಯ ನೋಡಿಕೊಳ್ಳಿ. ಎರಡನೇ ಅಥವಾ ನಾಲ್ಕನೇ ಶನಿವಾರವಾದರೆ ಸರ್ಕಾರಿ ನೌಕರರಿಗೂ ಬ್ಯಾಂಕಿನವರಿಗೂ ರಜೆ. ಮಾರ್ಚ್, ಏಪ್ರಿಲ್ ಎಸ್‌ಎಸ್‌ಎಲ್‌ಸಿ, ಪಿಯುಸಿ, ಸಿಇಟಿ ಮಕ್ಕಳಿರುವ ಮನೆಯವರಿಗೆ ಆಗುವುದಿಲ್ಲ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಮಳೆಗಾಲ ಕಳೆದ ಮೇಲೆ ಅಡಿಕೆ ಕೊಯ್ಲು. ಆಗ ತೋಟದವರ ಮನೆಗೆ ಅರವತ್ತು ಜನ ಹೋಗುವುದು ಅವರಿಗೆ ಹಿಂಸೆ. ಅಡಿಕೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು, ರಾತ್ರಿ ಹಗಲು ಕೆಲಸ ಇರುತ್ತದೆ.

ತೋಟದ ಮನೆಯಲ್ಲಿ ಅಲ್ಲದೆ ಪೇಟೆಯಲ್ಲಿ ಸೇರುವುದಾದರೆ ಡಿಸೆಂಬರ್ ಕೊನೆ ತುಂಬಾ ಒಳ್ಳೆಯದು. ಧನುರ್ಮಾಸ ನಡೆಯುತ್ತಿರುತ್ತದೆ, ಮದುವೆ ಮುಂಜಿ ಇರುವುದಿಲ್ಲ. ಹಾಲು ಸಿಗುತ್ತದೆ, ಅಡುಗೆ ಭಟ್ಟರು ಸಿಗುತ್ತಾರೆ. ಅಮೆರಿಕದಲ್ಲಿ ಇರುವವರಿಗೂ ಕ್ರಿಸ್‌ಮಸ್ ರಜೆ.

ನಾವು ಮೇ ನಾಲ್ಕನೇ ಶನಿವಾರ ಆರಿಸಿದ್ದಕ್ಕೆ ನಮ್ಮದೇ ಕಾರಣ ಇತ್ತು. ಹಿನ್ನೀರು ತಳ ಸೇರುವುದು ಆಗಲೇ. ಲಿಂಗನಮಕ್ಕಿ ತುಂಬಿದಾಗ ನೀರಿನ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಕಣಿವೆಯವರಿಗೆ ಆ ಅಂಕಿ ಬಾಯಿಪಾಠ. 2023ರ ಮಳೆಗಾಲ ಕೈಕೊಟ್ಟಿದ್ದರಿಂದ 2024ರ ಬೇಸಿಗೆಯಲ್ಲಿ ನೀರು ಬಹಳ ಕೆಳಗೆ ಹೋಗಿತ್ತು. ಅಜ್ಜನ ಮನೆ ಇದ್ದ ಜಾಗದ ಹತ್ತಿರಕ್ಕಾದರೂ ಹೋಗಬಹುದು ಅನ್ನುವ ಆಸೆ ಎಲ್ಲರಿಗೂ. ಆ ವರ್ಷ ಮೇ ತಿಂಗಳಲ್ಲಿ ಗುರು ಶುಕ್ರರ ಅಸ್ತ ಬಂದಿದ್ದರಿಂದ ಮದುವೆಗಳೂ ಇರಲಿಲ್ಲ. ಅಡುಗೆಯವರು ಸುಲಭವಾಗಿ ಒಪ್ಪಿದರು. ನಿಮ್ಮ ಕುಟುಂಬಕ್ಕೂ ಇಂಥದ್ದೊಂದು ಕಾರಣ ಇದ್ದರೆ ಅದರ ಸುತ್ತಲೇ ದಿನ ಇಡಿ. ಊರಿನ ತೇರು, ಅಜ್ಜಿಯ ಎಂಬತ್ತನೇ ವರ್ಷ, ಮಾವಿನ ಹಣ್ಣಿನ ಕಾಲ, ಯಾವುದಾದರೂ ಆಗಬಹುದು.

ದಿನ ಗೊತ್ತಾದ ಕೂಡಲೇ ಟಿಕೆಟ್ಟಿನ ಮಾತು. ರೈಲಿನ ಮುಂಗಡ ಬುಕಿಂಗ್ ಮೊದಲು 120 ದಿನ ಇತ್ತು. 2024ರ ನವೆಂಬರ್ 1ರಿಂದ 60 ದಿನ ಆಗಿದೆ. ಬೆಂಗಳೂರಿನಿಂದ ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲು ಬೇಸಿಗೆ ರಜೆಯಲ್ಲಿ ಬೇಗ ತುಂಬುತ್ತದೆ. ಬುಕಿಂಗ್ ತೆರೆಯುವ ದಿನವನ್ನು ಲೆಕ್ಕ ಹಾಕಿ ಗ್ರೂಪಿನಲ್ಲಿ ಹಿಂದಿನ ರಾತ್ರಿಯೇ ನೆನಪಿಸಿ.

ಜಾಗ ಮತ್ತು ನೀರು

ರೆಸಾರ್ಟಾ, ಹಾಲಾ, ಮನೆಯಾ? ನನ್ನ ಓಟು ಮನೆಗೆ. ಜಗಲಿಯಲ್ಲಿ ಕಾಲು ಚಾಚಿ ಕೂತಾಗ ಬರುವ ಮಾತು ಪ್ಲಾಸ್ಟಿಕ್ ಕುರ್ಚಿಯಲ್ಲಿ ಸಾಲಾಗಿ ಕೂತರೆ ಬರುವುದಿಲ್ಲ. ಆದರೆ ಆ ಮನೆಯವರು ಮನಸಾರೆ ಒಪ್ಪಿರಬೇಕು. ಅಣ್ಣನ ಹತ್ತಿರ ಕೇಳಿ ಸುಮ್ಮನಾಗಬೇಡಿ. ಅತ್ತಿಗೆಯ ಹತ್ತಿರ ಬೇರೆಯಾಗಿ ಕೇಳಿ. ಅವರು 'ನೋಡೋಣ' ಅಂದರೆ ಹಾಲ್ ಹುಡುಕಿ.

ಮನೆಯಾದರೆ ಮೊದಲು ಲೆಕ್ಕ ಹಾಕಬೇಕಾದ್ದು ನೀರು. ಹಾಸಿಗೆ ಹೇಗೋ ಆಗುತ್ತದೆ, ಜಮಖಾನ ಹಾಸಿ ಸಾಲಾಗಿ ಮಲಗಬಹುದು. ಪೇಟೆಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಲೆಕ್ಕ ಇಟ್ಟಿರುತ್ತಾರೆ. ಹಳ್ಳಿ ಮನೆಯಲ್ಲಿ ಎಷ್ಟೇ ಬಿಗಿ ಹಿಡಿದರೂ 100 ಲೀಟರ್ ಬೇಕು. ಅರವತ್ತು ಜನ, ಎರಡು ದಿನ ಅಂದರೆ 12,000 ಲೀಟರ್. ಮೇ ತಿಂಗಳ ಮಲೆನಾಡಿನ ಬಾವಿ ಇಷ್ಟು ಕೊಡುವುದು ಅನುಮಾನ. ನಾವು ಹಿಂದಿನ ದಿನವೇ ಟ್ಯಾಂಕರ್ ತರಿಸಿ ಸಿಂಟೆಕ್ಸ್ ತುಂಬಿಸಿದೆವು. ಕುಡಿಯುವುದಕ್ಕೆ ಮಾತ್ರ ಬಾವಿ ನೀರು, ಅದನ್ನೂ ಕುದಿಸಿ.

ಶೌಚಾಲಯ ಎರಡೇ ಇದ್ದವು. ಬೆಳಗ್ಗೆ ಆರರಿಂದ ಎಂಟು ಗಂಟೆ ಸಾಲು. ಹಾಗಾಗಿ ರಾತ್ರಿ ಅಲ್ಲೇ ಉಳಿಯುವವರನ್ನು ಇಪ್ಪತ್ತೈದಕ್ಕೆ ನಿಲ್ಲಿಸಿ. ಉಳಿದವರಿಗೆ ಹತ್ತಿರದ ಪೇಟೆಯಲ್ಲಿ ಲಾಡ್ಜ್ ನೋಡಿ. ಮಂಡಿ ನೋವಿನ ಹಿರಿಯರಿಗೆ ಕಮೋಡ್ ಇರುವ ರೂಮು ಬೇಕೇ ಬೇಕು. ಎಷ್ಟೋ ಹಿರಿಯರು ಬಾರದೇ ಇರುವುದಕ್ಕೆ ಇದೇ ಕಾರಣ. ಅವರು ಬಾಯಿಬಿಟ್ಟು ಹೇಳುವುದಿಲ್ಲ.

ಅಂಗಳಕ್ಕೆ ಚಪ್ಪರ, ಅದರ ಮೇಲೆ ಟಾರ್ಪಾಲು. ಮೇ ಕೊನೆಯಲ್ಲಿ ಸಂಜೆ ಮಳೆ ಬರುತ್ತದೆ ಅಂತಲೇ ಇಟ್ಟುಕೊಳ್ಳಿ. ನೆಟ್‌ವರ್ಕ್ ಸಿಗದ ಊರಾದರೆ ಮುಖ್ಯ ರಸ್ತೆಯಿಂದ ಮನೆಗೆ ಬರುವ ದಾರಿಯನ್ನು ಗುರುತು ಸಮೇತ ಬರೆದು ಎಲ್ಲರಿಗೂ ಮೊದಲೇ ಕಳಿಸಿ. 'ಬಸ್ ಸ್ಟ್ಯಾಂಡ್ ದಾಟಿ ಎರಡನೇ ಎಡ, ಅರಳಿಕಟ್ಟೆ, ಆಮೇಲೆ ಮಣ್ಣು ರಸ್ತೆ' ಅನ್ನುವ ಹಾಗೆ.

ದುಡ್ಡು

ಇದನ್ನು ಬೇಗ ಮುಗಿಸಿ. ದುಡಿಯುವ ಕಸಿನ್‌ಗಳೆಲ್ಲ ಸಮ ಪಾಲು. ಹಿರಿಯರಿಗೆ, ಮಕ್ಕಳಿಗೆ, ಓದುತ್ತಿರುವವರಿಗೆ ಪಾಲು ಇಲ್ಲ. ಮನೆ ಕೊಟ್ಟವರಿಗೂ ಇಲ್ಲ. ಒಬ್ಬರ ಖಾತೆಗೆ ಯುಪಿಐ, ಇನ್ನೊಬ್ಬರು ಲೆಕ್ಕ ಬರೆಯಲಿ. ಯಾರು ಕೊಟ್ಟರು ಅನ್ನುವ ಪಟ್ಟಿಯನ್ನು ಗ್ರೂಪಿಗೆ ಹಾಕಬೇಡಿ, ಖರ್ಚಿನ ಪಟ್ಟಿ ಮಾತ್ರ ಹಾಕಿ. ಕೊಡಲು ಕಷ್ಟ ಇರುವವರು ನಮ್ಮಲ್ಲೂ ಇರುತ್ತಾರೆ. ದುಡ್ಡಿನ ಕಾರಣಕ್ಕೆ ಒಬ್ಬ ತಮ್ಮ ಬಾರದೇ ಹೋದರೆ ಆ ದಿನಕ್ಕೆ ಅರ್ಥ ಇಲ್ಲ.

ಕರೆಯುವುದು

ಗ್ರೂಪಿನಲ್ಲಿ ಮೆಸೇಜ್ ಹಾಕಿದರೆ ಕರೆದ ಹಾಗೆ ಆಗುವುದಿಲ್ಲ. ಪ್ರತಿ ಮನೆಗೂ ಫೋನ್ ಮಾಡಬೇಕು. ಐದು ಕವಲಿಗೆ ಒಬ್ಬೊಬ್ಬರಂತೆ ಐದು ಜನ ಹಂಚಿಕೊಳ್ಳಿ. ಕಸಿನ್‌ನ ಗಂಡನಿಗೂ ಹೆಂಡತಿಗೂ ಬೇರೆ ಬೇರೆ ಹೇಳಿ. ಬಾವನಿಗೆ ನೀವೇ ಮಾತಾಡಿ 'ಬಾವಾ, ನೀವೂ ಬರಲೇಬೇಕು' ಅಂದರೆ ಅಕ್ಕ ಬರುವುದು ಖಾತ್ರಿ.

ಮೈಲಿಗೆ ಸೂತಕದ ವಿಷಯ ಮೊದಲೇ ಯೋಚಿಸಿ. ದಾಯಾದಿಗಳಲ್ಲಿ ಯಾರಾದರೂ ತೀರಿಕೊಂಡರೆ ನಮ್ಮಲ್ಲಿ ಹತ್ತು ದಿನ ಸೂತಕ, ಅರ್ಧ ಕುಟುಂಬ ಬರಲಾಗದು. ಹಾಗೇನಾದರೂ ಆದರೆ ಎರಡನೇ ದಿನಾಂಕ ಯಾವುದು ಅಂತ ಅಡುಗೆ ಭಟ್ಟರಿಗೂ ಹೇಳಿಟ್ಟಿರಿ. ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡು ಇನ್ನೂ ವರ್ಷಾಂತಿಕ ಆಗದವರು 'ನಾವು ಈ ವರ್ಷ ಎಲ್ಲೂ ಹೋಗಬಾರದು' ಅನ್ನುತ್ತಾರೆ. ಅವರಿಗೆ ಹೇಳಿ, ಇದು ಮಂಗಳಕಾರ್ಯ ಅಲ್ಲ, ನಾವು ನಾವೇ ಸೇರುವುದು ಅಂತ. ಬರಬೇಕಾದವರು ನಿಜವಾಗಿ ಅವರೇ.

ಅರಿಶಿನ ಕುಂಕುಮ, ಬಾಗಿನ ಇಟ್ಟುಕೊಳ್ಳೋಣ ಅಂತ ಯಾರೋ ಹೇಳಿಯೇ ಹೇಳುತ್ತಾರೆ. ಬೇಡ ಅನ್ನಿ. ಗಂಡನನ್ನು ಕಳೆದುಕೊಂಡ ಅತ್ತೆ ಆ ಹೊತ್ತಿನಲ್ಲಿ ಎದ್ದು ಹಿತ್ತಲ ಕಡೆ ಹೋಗುವುದನ್ನು ನಾನು ನೋಡಿದ್ದೇನೆ. ಹಿರಿಯರೆಲ್ಲರಿಗೂ ಒಂದೇ ರೀತಿ ಒಂದು ಶಾಲು, ಒಂದು ನಮಸ್ಕಾರ. ಅಷ್ಟು ಸಾಕು.

ಅಡುಗೆ: ಇಲ್ಲಿ ಕಂಜೂಸು ಬೇಡ

2019ರ ಫೋಟೋಗಳನ್ನು ಆಮೇಲೆ ನೋಡಿದೆ. ನೂರಾರು ಫೋಟೋ. ಮನೆಯ ಅತ್ತಿಗೆ ಒಂದರಲ್ಲೂ ಇಲ್ಲ. ಬೆಳಗ್ಗೆ ನಾಲ್ಕಕ್ಕೆ ಎದ್ದವರು ರಾತ್ರಿ ಪಾತ್ರೆ ಮಗುಚಿಟ್ಟು ಮಲಗಿದ್ದರು. ಅವರ ಜೊತೆ ಇನ್ನಿಬ್ಬರು ಚಿಕ್ಕ ಸೊಸೆಯರು. ನಾವೆಲ್ಲ ಜಗಲಿಯಲ್ಲಿ ನಗುತ್ತಿದ್ದೆವು. 'ಅತ್ತಿಗೆ, ಇನ್ನೊಂದು ಸಲ ಕಾಫಿ' ಅಂತ ಕೂಗಿದವರಲ್ಲಿ ನಾನೂ ಒಬ್ಬಳು.

ಹಾಗಾಗಿ 2024ರಲ್ಲಿ ಮೊದಲು ತೆಗೆದ ಖರ್ಚು ಅಡುಗೆಯದು. ಒಬ್ಬರು ಭಟ್ಟರು, ಇಬ್ಬರು ಸಹಾಯಕ್ಕೆ, ಪಾತ್ರೆ ತೊಳೆಯಲು ಒಬ್ಬರು. ಹಿತ್ತಲಲ್ಲಿ ಬೇರೆ ಒಲೆ ಹೂಡಿದೆವು. ಮನೆಯ ಅಡುಗೆಮನೆಯಲ್ಲಿ ಮಕ್ಕಳ ಹಾಲು ಬಿಟ್ಟು ಏನೂ ಕಾಯಿಸಬಾರದು ಅಂತ ಮಾಡಿಕೊಂಡೆವು. ಅತ್ತಿಗೆಗೆ ಮೊದಲೇ ಹೇಳಿದ್ದೆವು, 'ಆ ದಿನ ನೀವೂ ನೆಂಟರೇ' ಅಂತ. ಆದರೂ ಎರಡು ಸಲ ಎದ್ದು ಹೋದರು. ಕೈ ಹಿಡಿದು ಕೂರಿಸಿದೆವು.

ಭಟ್ಟರಿಗೆ ಜನರ ಲೆಕ್ಕ ಸರಿಯಾಗಿ ಕೊಡಿ. 63 ಜನರ ಮಧ್ಯಾಹ್ನದ ಊಟಕ್ಕೆ ನಮ್ಮ ಭಟ್ಟರು 8 ಕೆಜಿ ಅಕ್ಕಿ ಹೇಳಿದರು, ಸರಿಹೋಯಿತು. ಮಕ್ಕಳನ್ನು ಅರ್ಧ ಅಂತ ಅವರೇ ಹಿಡಿಯುತ್ತಾರೆ, ನೀವು ಮತ್ತೆ ಕಡಿಮೆ ಮಾಡಿ ಹೇಳಬೇಡಿ.

ಬೆಳಗ್ಗೆಗೆ ದೋಸೆ ಬೇಡ. ತೆಳ್ಳೇವು, ಅಂದರೆ ತೆಳು ದೋಸೆ, ನಮ್ಮ ಕಡೆ ಎಲ್ಲರಿಗೂ ಪ್ರಾಣ, ಆದರೆ ಅರವತ್ತು ಜನಕ್ಕೆ ಎರೆಯುತ್ತಾ ಹೋದರೆ ಹನ್ನೊಂದು ಗಂಟೆಯಾದರೂ ಮುಗಿಯುವುದಿಲ್ಲ. ಇಡ್ಲಿ, ಅವಲಕ್ಕಿ, ಬಾಳೆಹಣ್ಣು ಇಡಿ. ಬರುವವರು ಬಂದ ಹಾಗೆ ತಿನ್ನಬಹುದು. ಮಧ್ಯಾಹ್ನಕ್ಕೆ ಊರಿನ ರುಚಿ ಇರಲಿ. ಅಪ್ಪೆಹುಳಿ, ಒಂದೆಲಗದ ತಂಬುಳಿ, ಹಲಸಿನಕಾಯಿ ಪಲ್ಯ, ಮಾವಿನಹಣ್ಣಿನ ಗೊಜ್ಜು, ಒಂದೇ ಒಂದು ಸಿಹಿ. ನಾಲ್ಕು ಸಿಹಿ ಮಾಡಿಸಿದರೆ ಅದು ಮದುವೆ ಊಟ ಆಗುತ್ತದೆ, ತಿಂದವರು ಮಲಗಿಬಿಡುತ್ತಾರೆ. ಸಂಜೆ ಕಷಾಯ, ಹಲಸಿನ ಹಪ್ಪಳ. ಪುಣೆಯಲ್ಲಿ ಬೆಳೆದ ಮಕ್ಕಳಿಗೆ ಅಪ್ಪೆಹುಳಿ ಹಿಡಿಸದೆ ಹೋಗಬಹುದು. ಮೊಸರನ್ನ, ಚಿತ್ರಾನ್ನ ಇದ್ದರೆ ಅವರಿಗೂ ಆಯಿತು.

ಬಡಿಸುವುದು ಗಂಡುಮಕ್ಕಳ ಕೆಲಸ ಅಂತ ಮಾಡಿ. ಮೊದಲ ಪಂಕ್ತಿಗೆ ಹಿರಿಯರು, ಮಕ್ಕಳು, ಸೊಸೆಯಂದಿರು, ಅಳಿಯಂದಿರು. ಎರಡನೇ ಪಂಕ್ತಿಗೆ ಕಸಿನ್‌ಗಳೆಲ್ಲ ಒಟ್ಟಿಗೆ, ಹೆಣ್ಣು ಗಂಡು ಬೆರೆತು. ಹೆಂಗಸರು ಕೊನೆಯ ಪಂಕ್ತಿಗೆ ಅನ್ನುವ ಹಳೆಯ ಅಭ್ಯಾಸ ಆ ದಿನವಾದರೂ ಇರಬಾರದು. ಹತ್ತೊಂಬತ್ತು ಜನರಲ್ಲಿ ಬಂದಿದ್ದು ಹದಿನಾರು. ಬಾಳೆಲೆ ಮುಂದೆ ಸಾಲಾಗಿ ಕೂತಾಗ ದೊಡ್ಡಪ್ಪ ಕೋಲು ಊರಿಕೊಂಡು ಬಂದು ಒಬ್ಬೊಬ್ಬರ ಎಲೆಗೂ ತುಪ್ಪ ಹಾಕಿದರು. ಅವರಿಗೆ ಆಗ 86 ವರ್ಷ.

ಆ ದಿನ

ಐದು ಬಣ್ಣದ ರಿಬ್ಬನ್ ತಂದು ಕವಲಿಗೊಂದು ಬಣ್ಣದಂತೆ ಎಲ್ಲರ ಕೈಗೂ ಕಟ್ಟಿದೆವು. ಮಕ್ಕಳಿಗೆ ಇದು ತುಂಬಾ ಸಹಾಯವಾಯಿತು. 'ಹಳದಿ ಅಂದ್ರೆ ಸಿರಸಿ ಅಜ್ಜಿ ಕಡೆಯವರು' ಅಂತ ಅರ್ಧ ಗಂಟೆಯಲ್ಲಿ ಕಲಿತರು. ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ ಎಲ್ಲರ ಹೆಸರೂ ಕವಲಿನಂತೆ ಬರೆದಿದ್ದೆವು. ಪಕ್ಕದಲ್ಲಿ ಪೆನ್ಸಿಲ್ಲು ಕಟ್ಟಿಟ್ಟಿರಿ. ತಪ್ಪಿದ್ದನ್ನು ತಿದ್ದುತ್ತಾ, ಬಿಟ್ಟಿದ್ದನ್ನು ಸೇರಿಸುತ್ತಾ ಅಲ್ಲೇ ಒಂದು ಗುಂಪು ಕೂಡುತ್ತದೆ.

ಎಲ್ಲರ ಒಟ್ಟು ಫೋಟೋ ಬೆಳಗ್ಗೆ ಒಂಬತ್ತಕ್ಕೆ ತೆಗೆಯಿರಿ. ಊಟದ ನಂತರ ಅಂತ ಇಟ್ಟರೆ ಇಬ್ಬರು ಮೂವರು ಬಸ್ಸಿಗೆ ಹೊರಟಿರುತ್ತಾರೆ.

ಮಧ್ಯಾಹ್ನ ಒಂದೂವರೆಯಿಂದ ನಾಲ್ಕೂವರೆವರೆಗೆ ಏನೂ ಇಡಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. 2019ರಲ್ಲಿ ಆ ಹೊತ್ತಿಗೆ ತಂಬೋಲಾ, ಕ್ವಿಜ್, ಮೈಕು ಎಲ್ಲ ಇಟ್ಟಿದ್ದೆವು. ಮಾತು ಶುರುವಾಗುವ ಹೊತ್ತಿಗೆ ಮೈಕಿನಲ್ಲಿ ಹೆಸರು ಕೂಗುತ್ತಿದ್ದರು. ಈ ಸಲ ಸುಮ್ನೆ ಜಮಖಾನ ಹಾಸಿ ಬಿಟ್ಟೆವು. ಒಂದು ಕಡೆ ಚೌಕಾಬಾರ, ಒಂದು ಕಡೆ ಇಸ್ಪೀಟು. ಮಾವಿನ ಮರದ ಕೆಳಗೆ ಮೂವರು ಅಕ್ಕ ತಂಗಿಯರು ಯಾರಿಗೂ ಕೇಳಿಸದ ಹಾಗೆ ಮಾತಾಡುತ್ತಾ ಕೂತಿದ್ದರು. ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ಇಬ್ಬರು ಅಣ್ಣ ತಮ್ಮ ಒಂದೇ ದಿಂಬಿಗೆ ತಲೆಕೊಟ್ಟು ಮಲಗಿದ್ದರು. ಇದನ್ನು ಯಾವ ಕಾರ್ಯಕ್ರಮದಲ್ಲೂ ಬರೆದಿಡಲಾಗದು.

ಸೊಸೆ ಅಳಿಯಂದಿರನ್ನು ಮರೆಯಬೇಡಿ. ನಮ್ಮ ಬಾಲ್ಯದ ಕತೆಗಳಲ್ಲಿ ಅವರಿಲ್ಲ. ಹೊಸದಾಗಿ ಮದುವೆಯಾಗಿ ಬಂದವರ ಪಕ್ಕ ಒಬ್ಬರು ಕೂತು ಯಾರು ಯಾರು ಅಂತ ಹೇಳುತ್ತಿರಬೇಕು.

ಬರಲಾಗದವರಿಗೆ ಸಂಜೆ ವಿಡಿಯೋ ಕಾಲ್. ಬೇಸಿಗೆಯಲ್ಲಿ ನ್ಯೂಜೆರ್ಸಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ನಮ್ಮ ಸಂಜೆ ಏಳಕ್ಕೆ ಅವರಿಗೆ ಬೆಳಗ್ಗೆ ಒಂಬತ್ತೂವರೆ. ನೆಟ್‌ವರ್ಕ್ ಸಿಗುವ ದಿಬ್ಬ ಎಲ್ಲಿದೆ ಅಂತ ಹಿಂದಿನ ದಿನವೇ ನೋಡಿಟ್ಟುಕೊಳ್ಳಿ.

ಒಂದು ಕಾರನ್ನು ರಸ್ತೆಗೆ ಮುಖ ಮಾಡಿ ನಿಲ್ಲಿಸಿಡಿ, ಅದರ ಹಿಂದೆ ಮುಂದೆ ಬೇರೆ ಗಾಡಿ ನಿಲ್ಲಬಾರದು. ಕೀ ಎಲ್ಲಿದೆ ಅಂತ ನಾಲ್ಕು ಜನಕ್ಕೆ ಗೊತ್ತಿರಲಿ. ಹಿರಿಯರು ಇರುವ ಕಡೆ 108ಕ್ಕೆ ಕಾಯುವುದಕ್ಕಿಂತ ಹೊರಟುಬಿಡುವುದು ಬೇಗ ಆಗುವ ಸಂದರ್ಭ ಇರುತ್ತದೆ.

ಹಿರಿಯರ ಮಾತು ರೆಕಾರ್ಡ್ ಮಾಡುವುದು

ಬೆಳಗ್ಗೆ ತಿಂಡಿಯಾದ ಮೇಲೆ, ಫೋಟೋ ಮುಗಿದ ಮೇಲೆ ಮಾಡಿ. ಹಿರಿಯರಿಗೆ ಆಗ ಉತ್ಸಾಹ ಇರುತ್ತದೆ. ಗಲಾಟೆ ಇಲ್ಲದ ಕೋಣೆ, ಫ್ಯಾನ್ ಆಫ್. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಅವರ ಹತ್ತಿರ, ಒಂದು ಮೊಳ ದೂರದಲ್ಲಿ ಇಡಿ. ನಲವತ್ತು ನಿಮಿಷಕ್ಕಿಂತ ಜಾಸ್ತಿ ಬೇಡ. ಕೇಳುವವರು ಇಬ್ಬರಿದ್ದರೆ ಸಾಕು, ಅವರಲ್ಲಿ ಒಬ್ಬರು ಚಿಕ್ಕವರಿರಲಿ. ಮೊಮ್ಮಗಳು ಕೇಳಿದರೆ ಹೇಳುವ ರೀತಿಯೇ ಬೇರೆ.

'ನಿಮ್ಮ ಜೀವನದ ಬಗ್ಗೆ ಹೇಳಿ' ಅಂತ ಕೇಳಿದರೆ 'ಏನು ಹೇಳುವುದು' ಅನ್ನುತ್ತಾರೆ. ಸಣ್ಣದನ್ನು ಕೇಳಿ. ಮನೆ ಬಿಡುವ ದಿನ ದನಗಳನ್ನು ಹೇಗೆ ಹೊಡೆದುಕೊಂಡು ಬಂದಿರಿ? ಮನೆಯ ಬಾಗಿಲು ಕಿತ್ತುಕೊಂಡು ಬಂದಿರಾ? ಅಜ್ಜಿ ಆ ದಿನ ಏನು ಅಡುಗೆ ಮಾಡಿದ್ದರು? ಈ ಕೊನೆಯ ಪ್ರಶ್ನೆಗೆ ನಮ್ಮ ದೊಡ್ಡಪ್ಪ ಉತ್ತರ ಹೇಳಲಿಲ್ಲ. ಕಣ್ಣು ಒರೆಸಿಕೊಂಡು ಹೊರಗೆ ನೋಡಿದರು. ನಾವು ಸುಮ್ಮನೆ ಕೂತೆವು. ಸ್ವಲ್ಪ ಹೊತ್ತಾದ ಮೇಲೆ ಅವರೇ ಬೇರೆ ಮಾತು ತೆಗೆದರು. ಹಾಗೆ ಆದಾಗ ಒತ್ತಾಯ ಮಾಡಬೇಡಿ.

ಹಳೆಯ ಫೋಟೋ ತರಲು ಎಲ್ಲರಿಗೂ ಹೇಳಿ. ಕಿಟಕಿ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ ಫೋನಿನಲ್ಲೇ ತೆಗೆದುಕೊಳ್ಳಿ. ಅದರಲ್ಲಿ ಯಾರಿದ್ದಾರೆ ಅಂತ ಹಿರಿಯರನ್ನು ಕೇಳಿ, ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಮೆಲ್ಲಗೆ ಬರೆಯಿರಿ.

ಹಿನ್ನೀರಿಗೆ, ಕಾಡಿಗೆ ಹೋಗುವುದಾದರೆ

ಭಾನುವಾರ ಬೆಳಗ್ಗೆ ಎರಡು ಜೀಪಿನಲ್ಲಿ ಹಿನ್ನೀರಿನ ಅಂಚಿಗೆ ಹೋದೆವು. ನೀರು ಇಳಿದ ಜಾಗ ಮೇಲೆ ಒಣಗಿ ಬಿರುಕು ಬಿಟ್ಟ ಹಾಗೆ ಕಂಡರೂ ಕೆಳಗೆ ಕೆಸರು ಇರುತ್ತದೆ. ಆ ಊರಿನವರೇ ಒಬ್ಬರು ಮುಂದೆ ನಡೆಯಬೇಕು, ಅವರು ಕಾಲಿಟ್ಟ ಕಡೆಯೇ ನಾವು ಕಾಲಿಡಬೇಕು. ನೀರಿಗೆ ಯಾರೂ ಇಳಿಯಬಾರದು, ಈಜು ಬಂದರೂ ಸರಿ.

ಇನ್ನೊಂದು ಬಹಳ ಮುಖ್ಯ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರದ ಅರಳಗೋಡು ಭಾಗದಲ್ಲಿ ಜೀವಗಳನ್ನೇ ತೆಗೆಯಿತು. ಅದು ಹರಡುವುದು ಉಣುಗಿನಿಂದ, ಅಂದರೆ ಉಣ್ಣೆ ಹುಳದಿಂದ, ಬೇಸಿಗೆ ಮುಗಿಯುವವರೆಗೂ ಅಪಾಯ ಇರುತ್ತದೆ. ಪೇಟೆಯ ಮಕ್ಕಳಿಗೆ ತರಗೆಲೆ ಮೇಲೆ ಹೊರಳಾಡುವುದು ಖುಷಿ, ಆದರೆ ಕಾಡಿನೊಳಗೆ ಬಿಡಬೇಡಿ. ಈ ವರ್ಷ ಅಲ್ಲಿ ಕಾಯಿಲೆ ಇದೆಯಾ ಅಂತ ಆಶಾ ಕಾರ್ಯಕರ್ತೆಯನ್ನು ಮೊದಲೇ ಕೇಳಿ. ಉಣುಗು ಹತ್ತದ ಹಾಗೆ ಹಚ್ಚುವ ಎಣ್ಣೆ ಅವರ ಹತ್ತಿರ ಸಿಗುತ್ತದೆ. ಉದ್ದ ಪ್ಯಾಂಟು ಹಾಕಿಸಿ. ಬಂದ ಕೂಡಲೇ ಬಿಸಿನೀರಿನ ಸ್ನಾನ, ಹಾಕಿದ್ದ ಬಟ್ಟೆ ಬೇರೆ ಇಡಿ. ಊರಿಗೆ ಮರಳಿದ ಮೇಲೆ ಯಾರಿಗಾದರೂ ಜೋರು ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಹೇಳಬೇಕು.

ಜೋಗ, ಇಕ್ಕೇರಿ, ಕೆಳದಿ ಎಲ್ಲ ಹತ್ತಿರವೇ. ಸಿಗಂದೂರಿಗೆ 2025ರ ಜುಲೈನಿಂದ ಸೇತುವೆಯೂ ಆಗಿದೆ, ಲಾಂಚಿಗೆ ಕಾಯಬೇಕಿಲ್ಲ. ಆದರೂ ಮೊದಲ ದಿನ ಎಲ್ಲಿಗೂ ಹೊರಡಬೇಡಿ.

ಬೇಡದ ಮಾತು

ಆಸ್ತಿಯ ಮಾತು ಆ ಎರಡು ದಿನ ಯಾರೂ ತೆಗೆಯಬಾರದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬಂದಮೇಲೆ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು. ಎಷ್ಟೋ ಮನೆಗಳಲ್ಲಿ ಅದು ಇನ್ನೂ ಬಗೆಹರಿದಿಲ್ಲ. 'ಹೇಗೂ ಎಲ್ಲರೂ ಬಂದಿದ್ದೀರಲ್ಲ, ಒಂದು ಸಹಿ ಹಾಕಿಬಿಡಿ' ಅಂತ ಯಾರಾದರೂ ಕಾಗದ ತೆಗೆದರೆ, ಮುಂದಿನ ಸಲ ಅರ್ಧ ಜನ ಬರುವುದಿಲ್ಲ. ಪಾಲಿನ ಮಾತು ಆಗಲೇಬೇಕಾದ್ದು, ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಸೈಟು, ಇನ್ಶೂರೆನ್ಸ್, ಚೈನ್ ಬಿಸಿನೆಸ್ ಮಾರಲು ಬರುವವರಿಗೂ ಫೋನಿನಲ್ಲೇ ಹೇಳಿಬಿಡಿ.

'ಮದುವೆ ಯಾವಾಗ?', 'ಇನ್ನೂ ಮಕ್ಕಳಾಗಲಿಲ್ವಾ?', 'ಎಷ್ಟು ಪರ್ಸೆಂಟ್ ಬಂತು?' ಈ ಮೂರು ಪ್ರಶ್ನೆಗೆ ಹೆದರಿ ಬಾರದವರಿದ್ದಾರೆ. ಹಿರಿಯರಿಗೆ ಪ್ರೀತಿಯಿಂದ ಮೊದಲೇ ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ. ನಮ್ಮ ತೀರ್ಥಹಳ್ಳಿ ಅತ್ತೆ 'ಹಾಗಾದ್ರೆ ಏನು ಕೇಳಬೇಕು, ಅದನ್ನಾದ್ರೂ ಹೇಳು' ಅಂದರು. 'ಈಗ ಏನು ಓದ್ತಿದ್ದೀಯ, ಏನು ತಿನ್ನೋದು ಇಷ್ಟ ಅಂತ ಕೇಳಿ ಅತ್ತೆ' ಅಂದೆ. ಅವರು ಅದನ್ನೇ ಎಲ್ಲ ಮಕ್ಕಳಿಗೂ ಕೇಳಿದರು. ಎರಡು ತಿಂಗಳ ಮೇಲೆ ಒಬ್ಬಳಿಗೆ ನೆನಪಿಟ್ಟು ಮಿಡಿ ಉಪ್ಪಿನಕಾಯಿ ಕಳಿಸಿದರು.

ಆಮೇಲೆ

ಒಂದು ವಾರದೊಳಗೆ ಮೂರು ಕೆಲಸ ಮುಗಿಸಿ. ಲೆಕ್ಕ ಗ್ರೂಪಿಗೆ ಹಾಕಿ, ಉಳಿದ ದುಡ್ಡು ಮುಂದಿನ ಸಲಕ್ಕೆ ಇಡಿ. ಫೋಟೋ, ರೆಕಾರ್ಡಿಂಗ್‌ಗಳನ್ನು ಡ್ರೈವ್‌ಗೆ ಹಾಕಿ, ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ಇರಲಿ. ಗೋಡೆಯ ಮೇಲಿನ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ತಿದ್ದಿದ್ದನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿ. ನಮ್ಮ ಹಾಳೆಯಲ್ಲಿ ಹನ್ನೊಂದು ಹೆಸರು ಹೊಸದಾಗಿ ಸೇರಿದ್ದವು.

ನೋಟ್‌ಬುಕ್ ಒಬ್ಬರ ಹತ್ತಿರವೇ ಉಳಿಯಬಾರದು. ಸಲಕ್ಕೊಬ್ಬರು ಇಟ್ಟುಕೊಳ್ಳಬೇಕು, ಯಾರ ಹತ್ತಿರ ಇದೆಯೋ ಅವರೇ ಮುಂದಿನ ಸಲದ ಫೋನ್ ಮಾಡಬೇಕು. 2024ರಲ್ಲಿ ಪಟ್ಟಿಯ ಮೊದಲ ಪುಟದಲ್ಲಿ ನಾನು ಬರೆದಿದ್ದು 2019ರಲ್ಲಿ ಬಿಟ್ಟುಹೋದ ಆ ಅಕ್ಕನ ಹೆಸರು. ಮೊದಲ ಫೋನ್ ಮಾಡಿದ್ದೂ ಅವಳಿಗೇ. ಗಂಡ, ಇಬ್ಬರು ಮಕ್ಕಳ ಜೊತೆ ಬಂದಿದ್ದಳು, ತನ್ನ ಅಮ್ಮನ ಒಂದೇ ಒಂದು ಫೋಟೋ ತಂದಿದ್ದಳು. ಹೊರಡುವಾಗ ನೋಟ್‌ಬುಕ್ ಅವಳ ಕೈಗೆ ಕೊಟ್ಟೆ. ಈಗ ಅವಳ ಹತ್ತಿರವೇ ಇದೆ. ಹೋದ ವಾರ ಫೋನ್ ಮಾಡಿದ್ದಳು, ಪುಣೆಯ ತಮ್ಮನ ಹೊಸ ನಂಬರು ಕೇಳಲು.